ಅಂಗಡಿ ಕಳವಾದ್ರೆ ನಷ್ಟ ವಾಪಸ್ ಪಡೆಯೋದು ಹೇಗೆ? ಮಂಡ್ಯ, ಮದ್ದೂರು, ಮಳವಳ್ಳಿ ವರ್ತಕರು ತಿಳಿದಿರಬೇಕಾದ ಪೂರ್ತಿ ಮಾಹಿತಿ

ಮಂಡ್ಯ: ಬೆಳಗಿನ ಜಾವ ಪಕ್ಕದ ಅಂಗಡಿಯವರು ಫೋನ್ ಮಾಡಿ "ಅಣ್ಣ, ನಿಮ್ ಶಟರ್ ಮೀಟವ್ರೆ, ಬೇಗ ಬನ್ನಿ" ಅಂದಾಗ ಯಾರಿಗೇ ಆದ್ರೂ ತಲೆ ಓಡಲ್ಲ. ಓಡಿ ಬಂದು ಶಟರ್ ಎತ್ತಿ, ಒಳಗೆ ನುಗ್ಗಿ, ಗಲ್ಲಾ ಪೆಟ್ಟಿಗೆ ನೋಡಿ, ಚೆಲ್ಲಾಪಿಲ್ಲಿ ಆಗಿರೋ ಮಾಲನ್ನ ಎತ್ತಿಡೋಕೆ ಶುರು ಮಾಡ್ತಾರೆ. ಪೇಟೆ ಬೀದಿ ಆಗಲಿ, ಕೆ.ಎಂ.ದೊಡ್ಡಿ ಆಗಲಿ, ಹಲಗೂರು ಆಗಲಿ, ಸಣ್ಣ ಅಂಗಡಿಯವರು ಎಡವೋದು ಇಲ್ಲೇ.

ಕಳ್ಳ ಸಿಗೋದು ಬಿಡೋದು ಪೊಲೀಸರ ಕೈಲಿದೆ. ಹೋದ ದುಡ್ಡು ವಾಪಸ್ ಬರೋದು ಮಾತ್ರ ಬಹುಪಾಲು ಅಂಗಡಿಯವರ ಕೈಲೇ ಇದೆ. ಅದಕ್ಕಿರೋದು ಮೂರು ದಾರಿ. ಒಂದು, ಪೊಲೀಸರಿಗೆ ಸಿಕ್ಕ ಮಾಲನ್ನ ಕೋರ್ಟಿಂದ ಬಿಡಿಸ್ಕೊಳ್ಳೋದು. ಎರಡು, ವಿಮೆ. ಮೂರು, ತೆರಿಗೆ ಮತ್ತು ಬ್ಯಾಂಕ್ ಸಾಲದಲ್ಲಿ ನಷ್ಟದ ಲೆಕ್ಕ ತೋರಿಸೋದು. ಈ ಮೂರಕ್ಕೂ ಕೇಳೋದು ಒಂದೇ ಕಾಗದ: ಕಳವಾದ ದಿನ ನೀವು ಠಾಣೆಗೆ ಬರೆದುಕೊಟ್ಟ ದೂರು ಮತ್ತು ಮಾಲಿನ ಪಟ್ಟಿ. ಅದು ಸರಿ ಇದ್ರೆ ಮುಂದಿನದು ಸುಲಭ. ಅದು ತಪ್ಪಿದ್ರೆ ವರ್ಷಗಟ್ಟಲೆ ಅಲೆದಾಟ.

ಮೊದಲ ಒಂದು ಗಂಟೆ

ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ. 112ಕ್ಕೆ ಕರೆ ಮಾಡಿ. ಪೊಲೀಸರು ಬರೋ ತನಕ ಹೊರಗಿಂದಲೇ ಮೊಬೈಲ್‌ನಲ್ಲಿ ಫೋಟೋ, ವಿಡಿಯೋ ತೆಗೀರಿ. ಮುರಿದ ಬೀಗ, ಬಗ್ಗಿದ ಶಟರ್, ತೆಗೆದ ಹಂಚು, ಕತ್ತರಿಸಿದ ಶೀಟು, ಕೊರೆದ ಗೋಡೆ, ಇವೆಲ್ಲಾ ಕಾಣಬೇಕು. ಬೆರಳಚ್ಚು ತಜ್ಞರು, ಶ್ವಾನದಳ ಬರೋದಿದ್ರೆ ಅವರಿಗೂ ಜಾಗ ಹಾಗೇ ಇರಬೇಕು. ಒಡೆದ ಬೀಗ ಎಸೆಯಲೇಬೇಡಿ. ಅದರ ಬೆಲೆ ಏನು ಅನ್ನೋದು ವಿಮೆ ವಿಷಯಕ್ಕೆ ಬಂದಾಗ ಗೊತ್ತಾಗುತ್ತೆ.

ಹೊರಗೆ ಕಾಯೋ ಹೊತ್ತಲ್ಲೇ ಇಷ್ಟು ಕೆಲಸ ಮುಗಿಸಿ:

• ಚೆಕ್ ಪುಸ್ತಕ ಅಂಗಡಿಯಲ್ಲಿದ್ರೆ ಬ್ಯಾಂಕ್‌ಗೆ ಫೋನ್ ಮಾಡಿ ಪಾವತಿ ತಡೆ ಹಾಕಿಸಿ. ಸಹಿ ಮಾಡಿಟ್ಟ ಖಾಲಿ ಚೆಕ್ ಇದ್ರಂತೂ ಒಂದು ನಿಮಿಷ ತಡ ಮಾಡಬೇಡಿ.

• ಅಂಗಡಿ ಫೋನ್ ಹೋಗಿದ್ರೆ ಸಿಮ್ ಬಂದ್ ಮಾಡಿಸಿ, ಯುಪಿಐ ನಿಲ್ಲಿಸಿ. ಖಾತೆಯಿಂದ ದುಡ್ಡು ಹೋಗಿರೋದು ಕಂಡ್ರೆ 1930ಕ್ಕೆ ಕರೆ ಮಾಡಿ.

• ಮೊಬೈಲ್ ಅಂಗಡಿಯವರಾದ್ರೆ ಹೋದ ಪ್ರತಿ ಸೆಟ್‌ನ ಐಎಂಇಐ ನಂಬರ್ ಖರೀದಿ ಬಿಲ್‌ನಿಂದ ತೆಗೆದಿಡಿ. ಎಫ್‌ಐಆರ್ ಆದ ಮೇಲೆ ಸಂಚಾರ್ ಸಾಥಿಯ ಸಿಇಐಆರ್ ವ್ಯವಸ್ಥೆಯಲ್ಲಿ ಬ್ಲಾಕ್ ಮಾಡಿಸಬಹುದು. ಯಾರಾದ್ರೂ ಆ ಸೆಟ್‌ಗೆ ಸಿಮ್ ಹಾಕಿದ್ರೆ ಪೊಲೀಸರಿಗೆ ಜಾಡು ಸಿಗುತ್ತೆ.

• ಅಕ್ಕಪಕ್ಕದ, ಎದುರಿನ ಅಂಗಡಿ, ಪೆಟ್ರೋಲ್ ಬಂಕ್, ಎಟಿಎಂ ಎಲ್ಲೆಲ್ಲಿ ಕ್ಯಾಮೆರಾ ಇದೆ ನೋಡಿ. ಸಣ್ಣ ಡಿವಿಆರ್‌ಗಳಲ್ಲಿ ಕೆಲವೇ ದಿನದ ರೆಕಾರ್ಡಿಂಗ್ ನಿಲ್ಲುತ್ತೆ, ಆಮೇಲೆ ಹಳೇದರ ಮೇಲೆ ಹೊಸದು ಬರುತ್ತೆ. ಅವತ್ತೇ ತೆಗೆದಿಡೋಕೆ ಕೇಳಿಕೊಳ್ಳಿ, ಪೊಲೀಸರ ಗಮನಕ್ಕೂ ತನ್ನಿ. ಕೋರ್ಟ್‌ನಲ್ಲಿ ಆ ದೃಶ್ಯ ಸಾಕ್ಷಿ ಆಗಬೇಕಾದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಅದರ ನಮೂನೆ ಪೊಲೀಸರೇ ಕೊಡ್ತಾರೆ.

ಪೊಲೀಸರು ಸ್ಥಳ ಮಹಜರು ಬರೆಯುವಾಗ ನೀವು ಅಲ್ಲೇ ಇರಿ. ಎಲ್ಲಿಂದ ಒಳಗೆ ಬಂದ್ರು, ಏನು ಮುರಿದಿದೆ ಅನ್ನೋದು ಮಹಜರಿನಲ್ಲಿ ಸರಿಯಾಗಿ ಬಂದಿದೆಯಾ ಅಂತ ಓದಿ ನೋಡಿ, ಆಮೇಲೆ ಸಹಿ ಹಾಕಿ.

ದೂರು ಬೇರೆ, ಎಫ್‌ಐಆರ್ ಬೇರೆ

ಠಾಣೆಯಲ್ಲಿ ದೂರು ತಗೊಂಡು ಸೀಲ್ ಹಾಕಿ ಒಂದು ಸ್ವೀಕೃತಿ ಚೀಟಿ ಕೊಟ್ಟರೆ "ಆಯ್ತು, ಕೇಸ್ ಆಯ್ತು" ಅಂತ ಬಹಳ ಜನ ಮನೆಗೆ ಬಂದುಬಿಡ್ತಾರೆ. ಸ್ವೀಕೃತಿ ಎಫ್‌ಐಆರ್ ಅಲ್ಲ. ಎಫ್‌ಐಆರ್‌ನಲ್ಲಿ ಅಪರಾಧ ಸಂಖ್ಯೆ, ವರ್ಷ, ಸೆಕ್ಷನ್ ಇರುತ್ತೆ. ಹಾಗೇ ಆನ್‌ಲೈನ್‌ನಲ್ಲಿ 'ಕಳೆದುಹೋಗಿದೆ' ಅಂತ ಹಾಕೋ ವರದಿನೂ ಇದಕ್ಕೆ ಆಗಲ್ಲ. ಅದು ದಾರಿಯಲ್ಲಿ ಬಿದ್ದುಹೋದ ಪರ್ಸು, ಮಾರ್ಕ್ಸ್ ಕಾರ್ಡ್‌ಗೆ. ಕಳವಿಗೆ ಎಫ್‌ಐಆರೇ ಬೇಕು.

2024ರ ಜುಲೈ 1ರಿಂದ ಹಳೇ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಜಾರಿಯಲ್ಲಿದೆ. ನಿಮ್ಮ ಎಫ್‌ಐಆರ್‌ನಲ್ಲಿ ನೋಡಬೇಕಾದ ಸೆಕ್ಷನ್‌ಗಳು ಇವು:

• ಬಿಎನ್‌ಎಸ್ 331(4): ಸೂರ್ಯ ಮುಳುಗಿದ ಮೇಲೆ, ಹುಟ್ಟೋಕೆ ಮುಂಚೆ ಒಡೆದು ನುಗ್ಗಿ ಕಳವು ಮಾಡಿದ್ರೆ. ಶಿಕ್ಷೆ 14 ವರ್ಷದ ತನಕ. ಹಗಲಾದ್ರೆ 331(3), 10 ವರ್ಷದ ತನಕ.

• ಬಿಎನ್‌ಎಸ್ 305: ಮನೆ ಅಥವಾ ಮಾಲು ಇಡೋ ಕಟ್ಟಡದಲ್ಲಿ ಆದ ಕಳವು. ಅಂಗಡಿ, ಗೋಡೌನ್ ಎರಡೂ ಇದರಲ್ಲಿ ಬರುತ್ತೆ. 7 ವರ್ಷದ ತನಕ.

• ಬಿಎನ್‌ಎಸ್ 306: ಕೆಲಸದ ಹುಡುಗನೋ ಗುಮಾಸ್ತನೋ ಮಾಲೀಕರ ಸ್ವತ್ತು ಕದ್ದರೆ. ಇದೂ 7 ವರ್ಷದ ತನಕ.

ಬರೀ 303 (ಸಾದಾ ಕಳವು) ಅಂತ ಹಾಕಿದ್ರೆ ಬೀಗ ಒಡೆದ ವಿಷಯ ಯಾಕೆ ಬಂದಿಲ್ಲ ಅಂತ ಅಲ್ಲೇ ವಿನಯವಾಗಿ ಕೇಳಿ. ನಿಮ್ಮ ದೂರಿನಲ್ಲೇ "ರಾತ್ರಿ ಇಷ್ಟು ಗಂಟೆಗೆ ಬೀಗ ಹಾಕಿ ಹೋಗಿದ್ದೆ, ಬೆಳಗ್ಗೆ ಇಷ್ಟು ಗಂಟೆಗೆ ಬಂದಾಗ ಶಟರ್ ಬೀಗ ಮುರಿದು ಒಳನುಗ್ಗಿದ್ದು ಕಂಡುಬಂತು" ಅಂತ ಸ್ಪಷ್ಟ ಇದ್ರೆ ಈ ತಕರಾರೇ ಬರಲ್ಲ.

"ಮೊದಲು ವಿಚಾರಣೆ ಮಾಡ್ತೀವಿ, ಆಮೇಲೆ ಎಫ್‌ಐಆರ್" ಅಂದ್ರೆ? ಬಿಎನ್‌ಎಸ್‌ಎಸ್ 173(3)ರ ಪ್ರಕಾರ 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶ ಇರೋದು 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ, ಅದೂ ಡಿವೈಎಸ್‌ಪಿ ಅನುಮತಿ ಇದ್ರೆ. ರಾತ್ರಿ ಬೀಗ ಒಡೆದ ಕಳವಿಗೆ ಅದು ಅನ್ವಯಿಸಲ್ಲ.

"ಇದು ನಮ್ಮ ಲಿಮಿಟ್ ಅಲ್ಲ, ಗ್ರಾಮಾಂತರ ಠಾಣೆಗೆ ಹೋಗಿ" ಅನ್ನೋ ಹಾಗೂ ಇಲ್ಲ. 173(1) ಪ್ರಕಾರ ಯಾವ ಠಾಣೆಯಲ್ಲಾದ್ರೂ ದೂರು ತಗೊಳ್ಳಬೇಕು, ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸ್ತಾರೆ. ಇದನ್ನೇ ಝೀರೋ ಎಫ್‌ಐಆರ್ ಅನ್ನೋದು. ಆನ್‌ಲೈನ್‌ನಲ್ಲಿ ದೂರು ಕಳಿಸಿದ್ರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ, ಅದು ನಿಮ್ಮ ಹಕ್ಕು.

ಠಾಣೆಯಲ್ಲಿ ತಗೊಳ್ಳಲೇ ಇಲ್ಲ ಅಂದ್ರೆ ದೂರಿನ ಪ್ರತಿಯನ್ನ ಮಂಡ್ಯದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಕೊಳ್ಳಿ. ಅದಕ್ಕೂ ಆಗದಿದ್ರೆ ನಿಮ್ಮ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟ್‌ಗೆ ಅರ್ಜಿ ಹಾಕಬಹುದು. ತನಿಖೆ ಎಲ್ಲಿಗೆ ಬಂತು ಅನ್ನೋದನ್ನ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತಾನೂ ಹೊಸ ಕಾನೂನಿನ 193ನೇ ಸೆಕ್ಷನ್ ಹೇಳುತ್ತೆ.

ಮಾಲಿನ ಪಟ್ಟಿ ಬರೆಯೋದು ಹೀಗೆ

"ಸುಮಾರು ಎರಡು ಲಕ್ಷದ ಬಟ್ಟೆ ಮತ್ತು ನಗದು" ಅಂತ ಒಂದೇ ಸಾಲು ಬರೆದರೆ ಅದರಿಂದ ಏನೂ ಪ್ರಯೋಜನ ಇಲ್ಲ. ನಾಳೆ ಕಳ್ಳನ ಹತ್ರ ಸೀರೆ ಸಿಕ್ಕರೆ ಅದು ನಿಮ್ಮದೇ ಅಂತ ಗುರುತು ಹೇಳೋದು ಹೇಗೆ? ಕಂಪನಿ, ಮಾದರಿ, ಸೀರಿಯಲ್ ನಂಬರ್, ಬಣ್ಣ, ಅಳತೆ, ಎಷ್ಟು ಪೀಸು, ಖರೀದಿ ಬೆಲೆ, ಬಿಲ್ ನಂಬರ್ ಎಲ್ಲಾ ಬೇಕು. ಚಿನ್ನ ಬೆಳ್ಳಿ ಅಂಗಡಿಯವರು ಒಡವೆ ಹೆಸರು, ತೂಕ, ಹಾಲ್‌ಮಾರ್ಕ್‌ನ ಎಚ್‌ಯುಐಡಿ ನಂಬರ್ ಬರೀಬೇಕು.

ಪ್ರತಿ ಸಾಮಾನಿಗೂ ಲೆಕ್ಕ ಇಲ್ಲದ ದಿನಸಿ, ಫ್ಯಾನ್ಸಿ, ಹಾರ್ಡ್‌ವೇರ್ ಅಂಗಡಿಯವರಿಗೆ ಒಂದು ಸರಳ ಲೆಕ್ಕ ಇದೆ. ವಿಮೆಯ ಸರ್ವೇಯರ್ ಕೂಡ ಇದನ್ನೇ ಮಾಡೋದು. ಒಂದು ಉದಾಹರಣೆ ನೋಡಿ:

ಮಾರ್ಚ್ 31ಕ್ಕೆ ಇದ್ದ ದಾಸ್ತಾನು: 4,20,000 ರೂ.
ಅಲ್ಲಿಂದ ಕಳವಿನ ದಿನದ ತನಕ ಖರೀದಿ: 6,80,000 ರೂ.
ಇದೇ ಅವಧಿಯ ವ್ಯಾಪಾರ: 9,00,000 ರೂ.
ವ್ಯಾಪಾರದಲ್ಲಿ ಲಾಭ 20% ಅಂದ್ರೆ, ಮಾರಿದ ಮಾಲಿನ ಅಸಲು: 7,20,000 ರೂ.
ಅಂಗಡಿಯಲ್ಲಿ ಇರಬೇಕಾದ ಮಾಲು: 4,20,000 + 6,80,000 - 7,20,000 = 3,80,000 ರೂ.
ಕಳವಾದ ಮೇಲೆ ಎಣಿಸಿದಾಗ ಉಳಿದಿದ್ದು: 1,45,000 ರೂ.
ನಷ್ಟ: 2,35,000 ರೂ.

ಈ ಲೆಕ್ಕಕ್ಕೆ ಬೇಕಾಗೋದು ಖರೀದಿ ಬಿಲ್, ಮಾರಾಟದ ಲೆಕ್ಕ, ಹಿಂದಿನ ವರ್ಷದ ದಾಸ್ತಾನು ಪಟ್ಟಿ. ಬಿಲ್‌ಗಳೂ ಅಂಗಡಿ ಜೊತೆಗೇ ಹೋಗಿದ್ರೆ ನಿಮ್ಮ ಹೋಲ್‌ಸೇಲ್ ವ್ಯಾಪಾರಿಗಳ ಹತ್ರ ನಕಲು ಸಿಗುತ್ತೆ. ಜಿಎಸ್‌ಟಿ ನೋಂದಣಿ ಇರೋರಿಗೆ ಪೋರ್ಟಲ್‌ನ 2ಬಿ ಹಾಳೆಯಲ್ಲಿ ಖರೀದಿ ವಿವರ ಕಾಣುತ್ತೆ.

ನಗದಿಗೂ ಆಧಾರ ಬೇಕು. ಹಿಂದಿನ ದಿನದ ವ್ಯಾಪಾರ ಎಷ್ಟು, ಬ್ಯಾಂಕ್‌ಗೆ ಕಟ್ಟಿದ್ದು ಎಷ್ಟು, ಗಲ್ಲಾದಲ್ಲಿ ಉಳಿದಿದ್ದು ಎಷ್ಟು ಅಂತ ಕ್ಯಾಶ್ ಪುಸ್ತಕದಲ್ಲಿ ಇರಬೇಕು.

ಮೊದಲ ದಿನವೇ ಪೂರ್ತಿ ಎಣಿಸೋಕೆ ಆಗಲ್ಲ, ಸರಿ. ದೂರಿನ ಕೊನೆಗೆ "ದಾಸ್ತಾನು ಪರಿಶೀಲಿಸಿ ವಿವರವಾದ ಪಟ್ಟಿಯನ್ನು ನಂತರ ಸಲ್ಲಿಸುತ್ತೇನೆ" ಅಂತ ಒಂದು ಸಾಲು ಸೇರಿಸಿ. ಎರಡು ಮೂರು ದಿನದಲ್ಲಿ ಪಟ್ಟಿ ಕೊಟ್ಟು ಪೂರಕ ಹೇಳಿಕೆ ದಾಖಲಿಸಿ. ಇಲ್ಲದಿದ್ದನ್ನ ಸೇರಿಸಬೇಡಿ. ಎಫ್‌ಐಆರ್‌ನಲ್ಲಿ ಒಂದು, ವಿಮೆಗೆ ಇನ್ನೊಂದು, ಜಿಎಸ್‌ಟಿಯಲ್ಲಿ ಮತ್ತೊಂದು ಮೊತ್ತ ಇದ್ರೆ ನಿಜವಾದ ನಷ್ಟಕ್ಕೂ ಸಂಚಕಾರ ಬರುತ್ತೆ.

ನಿಮ್ಮ ಪಾಲಿಸಿ ಕಳವಿಗೆ ಬರುತ್ತಾ?

"ನಮ್ಮದಕ್ಕೆ ಇನ್ಶೂರೆನ್ಸ್ ಇದೆ, ಬ್ಯಾಂಕ್‌ನವರೇ ಮಾಡಿಸವ್ರೆ" ಅನ್ನೋರು ಇವತ್ತೇ ಆ ಪಾಲಿಸಿ ತೆಗೆದು ನೋಡಿ. ಬೆಂಕಿ ಪಾಲಿಸಿ ಬೇರೆ, ಕಳವಿನ ಪಾಲಿಸಿ ಬೇರೆ.

2021ರ ಏಪ್ರಿಲ್ 1ರಿಂದ 5 ಕೋಟಿ ರೂ. ತನಕದ ಸಣ್ಣ ಉದ್ದಿಮೆಗಳಿಗೆ ಎಲ್ಲಾ ಸಾಮಾನ್ಯ ವಿಮಾ ಕಂಪನಿಗಳೂ ಕೊಡ್ತಿರೋದು 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ'. ಬೆಂಕಿ, ನೆರೆ, ಬಿರುಗಾಳಿ, ಗಲಭೆ ಎಲ್ಲಾ ಇದರಲ್ಲಿದೆ. 2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದ ಗಲಭೆಯಲ್ಲಿ ಅಂಗಡಿಗಳಿಗೆ ಬೆಂಕಿ ಬಿತ್ತಲ್ಲ, ಅಂಥ ನಷ್ಟಕ್ಕೆ ಈ ಪಾಲಿಸಿ ಆಗುತ್ತೆ. ಕಳವು ಅಂತ ಇದರಲ್ಲಿರೋದು, ಇಂಥ ಬೆಂಕಿ-ನೆರೆ-ಗಲಭೆಯಿಂದಾಗಿ 7 ದಿನದೊಳಗೆ ಆದ ಕಳವು ಮಾತ್ರ. ಮಾಮೂಲಿ ರಾತ್ರಿ ಬಂದು ಬೀಗ ಒಡೆದು ಹೋದ್ರೆ ಇದರಲ್ಲಿ ಒಂದು ರೂಪಾಯಿ ಬರಲ್ಲ. ಅದಕ್ಕೆ ಬರ್ಗ್ಲರಿ ಪಾಲಿಸಿ, ಇಲ್ಲವೇ ಬೆಂಕಿ, ಕಳವು, ನಗದು ಎಲ್ಲಾ ಸೇರಿದ ಶಾಪ್‌ಕೀಪರ್ ಪಾಲಿಸಿ ಬೇಕು.

ಬರ್ಗ್ಲರಿ ಪಾಲಿಸಿ ಇದ್ದರೂ ಸಿಕ್ಕಿಹಾಕಿಕೊಳ್ಳೋ ಜಾಗಗಳು ಇವು:

ಬಲವಂತದ ಪ್ರವೇಶ. ಒಡೆದು, ಮುರಿದು ಒಳಗೆ ಬಂದ ಗುರುತು ಇರಬೇಕು ಅನ್ನೋದು ಈ ಪಾಲಿಸಿಗಳ ಮೂಲ ಷರತ್ತು. 2004ರಲ್ಲಿ ಯುನೈಟೆಡ್ ಇಂಡಿಯಾ ವಿಮಾ ಕಂಪನಿಯ ಒಂದು ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡೀತು. ಪಾಲಿಸಿಯಲ್ಲಿ ಹಾಗೆ ಬರೆದಿರುವಾಗ, ಬಲಪ್ರಯೋಗ ಇಲ್ಲದ ಬರೀ ಕಳವಿಗೆ ಪರಿಹಾರ ಇಲ್ಲ ಅಂತು. ಬೀಗ ಎಸೆಯಬೇಡಿ ಅಂದಿದ್ದು ಇದಕ್ಕೇ. ಹಗಲು ಹೊತ್ತು ಗಿರಾಕಿ ವೇಷದಲ್ಲಿ ಬಂದು ಕದ್ದರೆ, ಕೆಲಸದವರೇ ಕದ್ದರೆ, ನಕಲಿ ಕೀ ಹಾಕಿ ತೆಗೆದರೆ ಸಾಮಾನ್ಯವಾಗಿ ಈ ಪಾಲಿಸಿಯಲ್ಲಿ ಬರಲ್ಲ. ಕೆಲಸದವರ ಮೋಸಕ್ಕೆ 'ಫಿಡೆಲಿಟಿ' ಅನ್ನೋ ಭಾಗ ಬೇರೆ ತಗೋಬೇಕು.

ನಗದು. ರಾತ್ರಿ ಲಾಕರ್‌ನಲ್ಲಿ ಇಟ್ಟ ದುಡ್ಡಿಗೆ ಒಂದು ಮಿತಿ ಇರುತ್ತೆ. ಟೇಬಲ್ ಡ್ರಾಯರ್‌ನಲ್ಲಿ ಬಿಟ್ಟು ಹೋದದ್ದಕ್ಕೆ ಹೆಚ್ಚಿನ ಪಾಲಿಸಿಗಳಲ್ಲಿ ಪರಿಹಾರ ಇಲ್ಲ.

ಏಳು ದಿನ ಬಾಗಿಲು ಹಾಕಿದ್ರೆ. ಸತತ 7 ದಿನಕ್ಕಿಂತ ಹೆಚ್ಚು ಖಾಲಿ ಬಿಟ್ಟರೆ ಪಾಲಿಸಿ ನಿಲ್ಲುತ್ತೆ ಅನ್ನೋ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಮದುವೆಗೋ, ಯಾತ್ರೆಗೋ ವಾರಗಟ್ಟಲೆ ಬಾಗಿಲು ಹಾಕೋ ಮುಂಚೆ ಕಂಪನಿಗೆ ಬರೆದು ಒಪ್ಪಿಗೆ ತಗೊಳ್ಳಿ.

ಕಮ್ಮಿ ಮೊತ್ತದ ವಿಮೆ. ನಿಜವಾದ ಪೆಟ್ಟು ಬೀಳೋದು ಇಲ್ಲಿ. ಮೇಲಿನ ಉದಾಹರಣೆಯನ್ನೇ ತಗೊಳ್ಳಿ. ಕಳವಿನ ದಿನ ಅಂಗಡಿಯಲ್ಲಿದ್ದ ಮಾಲು 3,80,000. ಹಿಂದೆ ಸಾಲ ತಗೊಂಡಾಗ ಮಾಡಿಸಿದ ವಿಮೆ 1,90,000. ನಷ್ಟ 2,35,000. ಹಾಗಾದ್ರೆ 1,90,000 ಪೂರ್ತಿ ಬರುತ್ತೆ ಅಂದ್ಕೋತೀವಿ. ಬರಲ್ಲ. ಇದ್ದ ಮಾಲಿನ ಅರ್ಧಕ್ಕೆ ಮಾತ್ರ ವಿಮೆ ಇದ್ದದ್ದರಿಂದ ನಷ್ಟದಲ್ಲೂ ಅರ್ಧ ಮಾತ್ರ, ಅಂದ್ರೆ 1,17,500. ಅದರಲ್ಲೂ 'ಎಕ್ಸೆಸ್' ಅಂತ ಒಂದಿಷ್ಟು ಕಳೀತಾರೆ. ಗೌರಿ-ಗಣೇಶ, ದೀಪಾವಳಿ, ಯುಗಾದಿಗೆ ಮಾಲು ತುಂಬಿಸೋ ಬಟ್ಟೆ, ಪಟಾಕಿ, ಫ್ಯಾನ್ಸಿ ಅಂಗಡಿಯವರು ವರ್ಷದಲ್ಲಿ ಅತಿ ಹೆಚ್ಚು ಮಾಲು ಇರೋ ದಿನದ ಲೆಕ್ಕಕ್ಕೆ ವಿಮೆ ಮಾಡಿಸಬೇಕು. ಇಲ್ಲ ಅಂದ್ರೆ 'ಫಸ್ಟ್ ಲಾಸ್' ಪದ್ಧತಿ ಇದೆಯಾ ಅಂತ ಏಜೆಂಟ್ ಹತ್ರ ಕೇಳಿ. ಎಲ್ಲಾ ಮಾಲೂ ಒಂದೇ ರಾತ್ರಿ ಹೋಗಲ್ಲ ಅನ್ನೋ ಲೆಕ್ಕದಲ್ಲಿ, ಒಟ್ಟು ದಾಸ್ತಾನಿನ ಒಂದು ಪಾಲಿಗೆ ಮಾಡೋ ವಿಮೆ ಅದು. ಆದ್ರೆ ಒಟ್ಟು ಮೌಲ್ಯ ಅವರಿಗೆ ಸರಿಯಾಗಿ ಹೇಳಿರಬೇಕು.

ಕ್ಲೇಮ್ ಹಾಕೋದು, ತಿರಸ್ಕಾರ ಆದ್ರೆ ಹೋಗೋದು

ಕಳವಾದ ದಿನವೇ ವಿಮಾ ಕಂಪನಿಗೆ ಫೋನ್ ಜೊತೆಗೆ ಇಮೇಲ್ ಅಥವಾ ಪತ್ರದಲ್ಲೂ ತಿಳಿಸಿ. ಏಜೆಂಟ್‌ಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ತಡ ಆಯ್ತು ಅಂತ ಕಂಪನಿ ಮುಖ ತಿರುಗಿಸಿದ್ರೂ ಕೈ ಚೆಲ್ಲಬೇಡಿ. 2020ರಲ್ಲಿ ವಾಹನ ಕಳವಿನ ಒಂದು ಕೇಸ್‌ನಲ್ಲಿ, ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ ಕಂಪನಿಗೆ ತಡವಾಗಿ ತಿಳಿಸಿದ್ದೊಂದೇ ಕಾರಣಕ್ಕೆ ನಿಜವಾದ ಕ್ಲೇಮ್ ತಳ್ಳಿಹಾಕೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ಸರ್ವೇಯರ್ ಬಂದಾಗ ಎಫ್‌ಐಆರ್, ಮಹಜರು, ಫೋಟೋ, ಪಟ್ಟಿ, ಬಿಲ್‌ಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್ ಪ್ರತಿಗಳನ್ನ ಕೊಡಿ, ಕೊಟ್ಟಿದ್ದಕ್ಕೆ ಸಹಿ ತಗೊಳ್ಳಿ. ಮುರಿದ ಶಟರ್, ಬೀಗ ಅವರು ನೋಡೋ ತನಕ ಉಳಿಸಿ. ರಾತ್ರಿ ಭದ್ರತೆಗೆ ರಿಪೇರಿ ಮಾಡಿಸಲೇಬೇಕಾದ್ರೆ ಕಂಪನಿಗೆ ತಿಳಿಸಿ, ಫೋಟೋ ತೆಗೆದು ಮಾಡಿಸಿ, ಬಿಲ್ ಇಟ್ಕೊಳ್ಳಿ.

ಕೊನೆಯಲ್ಲಿ ಕಂಪನಿ ಕೇಳೋದು 'ಸಿ' ರಿಪೋರ್ಟ್. ಕಳ್ಳ ಪತ್ತೆ ಆಗಲಿಲ್ಲ ಅಂತ ಪೊಲೀಸರು ಕೋರ್ಟ್‌ಗೆ ಕೊಡೋ ವರದಿ ಇದು. 'ಬಿ' ರಿಪೋರ್ಟ್ ಬೇರೆ. ದೂರು ಸುಳ್ಳು ಅಥವಾ ತಪ್ಪು ತಿಳುವಳಿಕೆ ಅಂತ ಮುಗಿಸಿದಾಗ ಹಾಕೋದು. ಕೋರ್ಟಿಂದ ನೋಟಿಸ್ ಬಂದ್ರೆ ಯಾವುದು ಅಂತ ಓದಿ ನೋಡಿ. 'ಬಿ' ಹಾಕಿದ್ರೆ ತಕರಾರು ಅರ್ಜಿ ಹಾಕೋ ಹಕ್ಕು ನಿಮಗಿದೆ, ಸುಮ್ನಿದ್ರೆ ವಿಮೆಯೂ ಹೋಗುತ್ತೆ.

ಕ್ಲೇಮ್ ತಿರಸ್ಕಾರ ಆದ್ರೆ, ಇಲ್ಲ ತೀರಾ ಕಮ್ಮಿ ಕೊಟ್ರೆ ಮೆಟ್ಟಿಲುಗಳು ಇವು:

1. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು.

2. ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್, ಅಥವಾ 155255ಕ್ಕೆ ಉಚಿತ ಕರೆ.

3. ವಿಮಾ ಒಂಬುಡ್ಸ್‌ಮನ್, ಬೆಂಗಳೂರು. ಒಬ್ಬರೇ ಮಾಲೀಕರಿರೋ ಅಂಗಡಿ ಮತ್ತು ಸೂಕ್ಷ್ಮ ಉದ್ದಿಮೆಗಳಿಗೆ ಇಲ್ಲಿ ಅವಕಾಶ ಇದೆ. 50 ಲಕ್ಷ ರೂ. ತನಕ. ಫೀಸ್ ಇಲ್ಲ, ವಕೀಲರ ಅಗತ್ಯವೂ ಇಲ್ಲ. ಕಂಪನಿ ಒಂದು ತಿಂಗಳಲ್ಲಿ ಉತ್ತರ ಕೊಡದಿದ್ರೆ ಅಥವಾ ತಿರಸ್ಕರಿಸಿದ್ರೆ ಒಂದು ವರ್ಷದೊಳಗೆ ಹೋಗಬೇಕು.

4. ಮಂಡ್ಯದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಎರಡು ವರ್ಷದೊಳಗೆ. "ಅಂಗಡಿಯವರು ಗ್ರಾಹಕರಲ್ಲ, ಅವರದು ವ್ಯಾಪಾರ" ಅಂತ ಕಂಪನಿ ವಾದಿಸಿದ್ರೆ, ನಷ್ಟ ತುಂಬಿಕೊಳ್ಳೋಕೆ ಮಾಡಿಸಿದ ವಿಮೆ ಲಾಭದ ವ್ಯಾಪಾರ ಅಲ್ಲ ಅನ್ನೋ 2023ರ ಸುಪ್ರೀಂ ಕೋರ್ಟ್ ತೀರ್ಪಿದೆ.

ಒಂಬುಡ್ಸ್‌ಮನ್ ಮತ್ತು ಗ್ರಾಹಕ ಆಯೋಗ ಎರಡಕ್ಕೂ ಒಟ್ಟಿಗೆ ಹೋಗೋ ಹಾಗಿಲ್ಲ.

ಮಾಲು ಸಿಕ್ಕಿದೆ, ಕೈಗೆ ಬಂದಿಲ್ಲ

ಪೇಪರ್‌ನಲ್ಲಿ "ಆರೋಪಿಗಳ ಬಂಧನ, ಇಷ್ಟು ಲಕ್ಷದ ಮಾಲು ವಶ" ಅಂತ ಬಂದ ತಕ್ಷಣ ಠಾಣೆಗೆ ಹೋಗಿ "ಕೊಡಿ ಸಾರ್" ಅಂದ್ರೆ ಕೊಡೋಕೆ ಆಗಲ್ಲ. ಜಪ್ತಿ ಆದ ಮಾಲು ಕೋರ್ಟಿನ ಸುಪರ್ದಿಗೆ ಹೋಗುತ್ತೆ. ಅಲ್ಲಿ ಮಧ್ಯಂತರ ಸ್ವಾಧೀನಕ್ಕೆ ಅರ್ಜಿ ಹಾಕಬೇಕು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ. ಯಾವ ಠಾಣೆಯ ಕೇಸೋ ಆ ವ್ಯಾಪ್ತಿಯ ಕೋರ್ಟ್‌ಗೆ ಹೋಗಬೇಕು.

ಬಿಎನ್‌ಎಸ್‌ಎಸ್ 497 ಪ್ರಕಾರ ಮಾಲು ಕೋರ್ಟ್ ಮುಂದೆ ಬಂದ 14 ದಿನದಲ್ಲಿ ಅದರ ವಿವರ ಪಟ್ಟಿ ಆಗಬೇಕು, ಫೋಟೋ ಅಥವಾ ವಿಡಿಯೋ ತೆಗೀಬೇಕು, ಆ ಪಟ್ಟಿ ಆದ 30 ದಿನದಲ್ಲಿ ವಿಲೇವಾರಿ ಆದೇಶ ಆಗಬೇಕು. ಕೇಸ್ ಮುಗಿಯೋ ತನಕ ಮಾಲು ಠಾಣೆಯಲ್ಲಿ ಧೂಳು ಹಿಡೀಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿತ್ತು. ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು ಅನ್ನೋದು ಅದರ ಮಾತು. ಅರ್ಜಿ ಜೊತೆ ಖರೀದಿ ಬಿಲ್, ಪಟ್ಟಿ ಇಡಬೇಕು, ಬಾಂಡ್ ಮತ್ತು ಜಾಮೀನು ಕೊಡಬೇಕು. ಕೋರ್ಟ್ ಕೇಳಿದಾಗ ಮಾಲು ಹಾಜರುಪಡಿಸ್ತೀನಿ ಅನ್ನೋದು ಷರತ್ತು. ಬೇಗ ಹಾಳಾಗೋ ಅಥವಾ ಮಾರಲೇಬೇಕಾದ ಮಾಲಾದ್ರೆ ಅದನ್ನ ಅರ್ಜಿಯಲ್ಲೇ ಹೇಳಿ ಅನುಮತಿ ಕೇಳಿ.

ಠಾಣೆಯಲ್ಲೇ ಮಾಲು ಕಾಣೆಯಾದ್ರೆ? ನಮ್ಮ ರಾಜ್ಯದ್ದೇ ಹಳೇ ಕೇಸ್ ಇದೆ. ಆಗಿನ ಮೈಸೂರು ರಾಜ್ಯದಲ್ಲಿ ಒಬ್ಬ ಮಹಿಳೆಯ ಮನೆಯಿಂದ ಕಳವಾದ ಒಡವೆ ಪತ್ತೆ ಆಗಿ ಠಾಣೆಯ ಟ್ರಂಕ್‌ನಲ್ಲಿತ್ತು, ಅಲ್ಲಿಂದಲೇ ಮಾಯ ಆಯ್ತು. 1977ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರವೇ ಅದರ ಬೆಲೆ 10,000 ರೂ. ಕೊಡಬೇಕು ಅಂತ ಆದೇಶ ಮಾಡ್ತು.

ಮಾಲು ಮಾರಿ ದುಡ್ಡು ಮಾಡಿಕೊಂಡಿದ್ರೆ, ಆ ದುಡ್ಡಲ್ಲಿ ಕೊಂಡ ಸ್ವತ್ತನ್ನೂ ಜಪ್ತಿ ಮಾಡಿ ಜಿಲ್ಲಾಧಿಕಾರಿ ಮೂಲಕ ನೊಂದವರಿಗೆ ಹಂಚೋಕೆ ಬಿಎನ್‌ಎಸ್‌ಎಸ್ 107ರಲ್ಲಿ ಅವಕಾಶ ಇದೆ. ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ. ಶಿಕ್ಷೆ ಆದಾಗ ದಂಡದ ಹಣದಿಂದ ಪರಿಹಾರ ಕೊಡಿಸೋಕೆ ಸೆಕ್ಷನ್ 395 ಇದೆ, ಅದನ್ನ ಸರ್ಕಾರಿ ಅಭಿಯೋಜಕರಿಗೆ ನೆನಪಿಸಬೇಕು.

ವಿಮೆ ದುಡ್ಡು ಬಂದ ಮೇಲೆ ಮಾಲೂ ಸಿಕ್ಕರೆ ಕಂಪನಿಗೆ ತಿಳಿಸಲೇಬೇಕು. ಎರಡೂ ಕಡೆ ತಗೊಂಡ್ರೆ ಕೇಸ್ ನಿಮ್ಮ ಮೇಲೇ ಬರುತ್ತೆ.

ವಕೀಲರ ಫೀಸ್ ಕಷ್ಟ ಅನ್ನೋರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ, ಉಳಿದವರಿಗೆ ಆದಾಯ ಮಿತಿ ನೋಡ್ತಾರೆ. ಸಹಾಯವಾಣಿ 15100.

ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕ್

ಕಳವಾದ ಮಾಲಿಗೆ ನೀವು ತಗೊಂಡಿದ್ದ ಇನ್‌ಪುಟ್ ತೆರಿಗೆಯನ್ನ ವಾಪಸ್ ಕಟ್ಟಬೇಕು. ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಹಾಗೆ ಹೇಳುತ್ತೆ. ಮೇಲಿನ 2,35,000 ರೂ. ಮಾಲಿಗೆ 5% ತೆರಿಗೆ ಇದ್ದಿದ್ರೆ 11,750, 18% ಇದ್ದಿದ್ರೆ 42,300. ಗಾಯದ ಮೇಲೆ ಬರೆ ಇದ್ದ ಹಾಗೆ, ಆದ್ರೆ ಬಿಟ್ಟರೆ ಮುಂದೆ ಬಡ್ಡಿ ಸಮೇತ ಬರುತ್ತೆ. ಆ ತಿಂಗಳ 3ಬಿಯಲ್ಲೇ ತೋರಿಸಿ. ಹೀಗೆ ಕಟ್ಟಿದ ತೆರಿಗೆಯೂ ನಿಮ್ಮ ನಷ್ಟವೇ. ವಿಮೆ ಮಾಡಿಸುವಾಗ ತೆರಿಗೆ ಸೇರಿಸಿ ಮೊತ್ತ ಹಾಕಿ, ಕ್ಲೇಮ್‌ನಲ್ಲೂ ಕೇಳಿ. ಕಾಂಪೋಸಿಷನ್ ಪದ್ಧತಿಯವರು ಇನ್‌ಪುಟ್ ತಗೊಂಡೇ ಇರಲ್ಲ, ಅವರಿಗೆ ಇದು ಬರಲ್ಲ.

ಆದಾಯ ತೆರಿಗೆಯಲ್ಲಿ ಕಳವಾದ ವ್ಯಾಪಾರದ ಮಾಲು, ವ್ಯಾಪಾರದ ನಗದು ವ್ಯಾಪಾರದ ನಷ್ಟ ಅಂತ ಕಳೆಯೋಕೆ ಅವಕಾಶ ಇದೆ, ವಿಮೆಯಿಂದ ಬಂದಷ್ಟು ಬಿಟ್ಟು. ಇದು ಪುಸ್ತಕ ಬರೆಯೋರಿಗೆ. ವಹಿವಾಟಿನ 6 ಅಥವಾ 8% ಲಾಭ ಅಂತ ಅಂದಾಜಿನ ಮೇಲೆ ತೋರಿಸೋರು ಅದರಲ್ಲೇ ಬೇರೆಯಾಗಿ ನಷ್ಟ ಕಳೆಯೋಕೆ ಆಗಲ್ಲ. ಆ ವರ್ಷ ಯಾವುದು ಲಾಭ ಅಂತ ಆಡಿಟರ್ ಹತ್ರ ಕೂತು ಲೆಕ್ಕ ಹಾಕಿ.

ಮಾಲಿನ ಮೇಲೆ ಸಿಸಿ ಅಥವಾ ಮುದ್ರಾ ಸಾಲ ಇದ್ರೆ ಬ್ಯಾಂಕ್‌ಗೆ ಎಫ್‌ಐಆರ್ ಪ್ರತಿ ಜೊತೆ ಪತ್ರ ಕೊಡಿ. ಪಾಲಿಸಿಯಲ್ಲಿ ಬ್ಯಾಂಕ್ ಹೆಸರಿದ್ರೆ ಕ್ಲೇಮ್ ದುಡ್ಡು ಮೊದಲು ಸಾಲಕ್ಕೆ ಹೋಗುತ್ತೆ. ಕಂತು ತಪ್ಪೋ ಮುಂಚೆಯೇ ಮರುಹೊಂದಾಣಿಕೆ ಕೇಳಿ. ಖಾತೆ ಕೆಟ್ಟ ಮೇಲೆ ಕೇಳಿದ್ರೆ ಕೇಳೋರಿಲ್ಲ.

ವಿಮೆಯೇ ಇಲ್ಲದೋರು

ತಳ್ಳುಗಾಡಿ, ಪೆಟ್ಟಿಗೆ ಅಂಗಡಿಯವರಿಗೆ ಪುರಸಭೆ, ನಗರಸಭೆ ಮೂಲಕ ಪಿಎಂ ಸ್ವನಿಧಿ ಇದೆ. 2030ರ ಮಾರ್ಚ್ ತನಕ ವಿಸ್ತರಣೆ ಆಗಿದೆ, ಮೊದಲ ಕಂತು 15,000 ರೂ. ತನಕ. ಅಂಗಡಿ ಇರೋರಿಗೆ ಮುದ್ರಾ ಸಾಲದಲ್ಲಿ ಶಿಶು 50,000, ಕಿಶೋರ 5 ಲಕ್ಷ, ತರುಣ 10 ಲಕ್ಷದ ತನಕ. ಇವು ಪರಿಹಾರ ಅಲ್ಲ, ಸಾಲವೇ. ಆದ್ರೆ ಕಳವಾದ ವಾರದಲ್ಲೇ ಬಾಗಿಲಿಗೆ ಬರೋ ಮೀಟರ್ ಬಡ್ಡಿಗಿಂತ ಸಾವಿರ ಪಾಲು ಮೇಲು. ವಿಪರೀತ ಬಡ್ಡಿ ವಸೂಲಿ ನಿಷೇಧಿಸೋ ಕಾಯ್ದೆ ಕರ್ನಾಟಕದಲ್ಲಿ 2004ರಿಂದಲೇ ಇದೆ. ಕಳ್ಳ ಒಂದು ಸಲ ಒಯ್ತಾನೆ, ಮೀಟರ್ ಬಡ್ಡಿಯವನು ದಿನಾ ಒಯ್ತಾನೆ.

ಇವತ್ತು ರಾತ್ರಿ ಬಾಗಿಲು ಹಾಕೋ ಮುಂಚೆ

• ಪಾಲಿಸಿ ತೆಗೆದು ಮೂರು ವಿಷಯ ನೋಡಿ: ಬರ್ಗ್ಲರಿ ಭಾಗ ಇದೆಯಾ, ಮೊತ್ತ ಎಷ್ಟು, ಯಾವತ್ತು ಮುಗಿಯುತ್ತೆ. ಗೋಡೌನ್ ಬೇರೆ ಜಾಗದಲ್ಲಿದ್ರೆ ಅದರ ವಿಳಾಸವೂ ಪಾಲಿಸಿಯಲ್ಲಿ ಇರಬೇಕು.

• ಅಂಗಡಿ ಒಳಗಿನ ರ‍್ಯಾಕ್‌ಗಳ ವಿಡಿಯೋ ತಿಂಗಳಿಗೊಮ್ಮೆ ತೆಗೆದು ಮನೆಯವರ ಫೋನ್‌ಗೆ ಕಳಿಸಿಡಿ.

• ಬಿಲ್‌ಗಳ ಫೋಟೋ ಅಂಗಡಿ ಹೊರಗೆ ಒಂದು ಕಡೆ ಇರಲಿ. ಚೆಕ್‌ಗೆ ಮುಂಚೆಯೇ ಸಹಿ ಹಾಕಿ ಇಡಬೇಡಿ.

• ಡಿವಿಆರ್ ಗಲ್ಲಾ ಪಕ್ಕದಲ್ಲಿ ಬೇಡ. ಕಳ್ಳರು ಮೊದಲು ಕಿತ್ತುಕೊಂಡು ಹೋಗೋದೇ ಅದನ್ನ.

• ದಿನದ ನಗದನ್ನ ಪುಸ್ತಕದಲ್ಲಿ ಬರೆದೇ ಬಾಗಿಲು ಹಾಕಿ. ಎರಡು ನಿಮಿಷದ ಕೆಲಸ.

ಈ ಐದರಲ್ಲಿ ದುಡ್ಡು ಖರ್ಚಾಗೋದು ವಿಮೆಗೆ ಮಾತ್ರ. ಉಳಿದದ್ದಕ್ಕೆ ಬೇಕಾಗಿರೋದು ಒಂದು ಪೆನ್ನು, ಒಂದು ಮೊಬೈಲು.